ಕೇಳದ ಪ್ಲೇಟು ಮಾರದ ಅಂಗಡಿ

ಮೊನ್ನೆ ಮನೆಗೆಲಸದವಳು ನನ್ನ ಹಳೆಯ ರೇಷ್ಮೆ ಸೀರೆ ಒಗೆಯುವುದಕ್ಕೆಂದು ಬಕೆಟ್ಟಿನಲ್ಲಿ ಅಂಟವಾಳಕಾಯಿ ನೆನೆಹಾಕಿದ್ದಳು. ಹಿತ್ತಲ ಬಾಗಿಲು ತೆರೆದೆ. ಹೊರಗೆ ಜಿಟಿಜಿಟಿ ಮಳೆ, ಮೂಗಿಗೆ ಆ ವಾಸನೆ. ಹುಳಿಯೂ ಅಲ್ಲ, ಕಹಿಯೂ ಅಲ್ಲ, ಕಪಾಟಿನೊಳಗೆ ಒದ್ದೆ ಕರವಸ್ತ್ರ ಮರೆತುಬಿಟ್ಟ ಹಾಗೆ. ಬೇರೆಯವರಿಗೆ ಆ ವಾಸನೆಯಿಂದ ಎಣ್ಣೆಸ್ನಾನ ನೆನಪಾಗುತ್ತದೆ, ಅಜ್ಜಿ ನೆನಪಾಗುತ್ತಾಳೆ. ನನಗೆ ನೆನಪಾಗುವುದು ಗ್ರಾಮಫೋನ್ ಪ್ಲೇಟುಗಳು.

“ಅದನ್ನ ಚೆಲ್ಲಿಬಿಡು, ಸೋಪಿನ ಪುಡಿ ಹಾಕು” ಎಂದೆ.

“ಸೀರಿ ಹಾಳಾಗ್ತದ್ರಿ ಅಮ್ಮಾರ.”

“ಆಗಲಿ.”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ವಯಸ್ಸಾದ ಹೆಂಗಸರಿಗೆ ಇರುವ ಒಂದೇ ಸೌಕರ್ಯವೆಂದರೆ ಇದು. ಕಾರಣ ಹೇಳಬೇಕಾಗಿಲ್ಲ.

ನಾನು ಓದಿದ್ದು ಕಲಬುರ್ಗಿಯ ಕಾನ್ವೆಂಟಿನಲ್ಲಿ, ಆಯುಷ್ಯವೆಲ್ಲ ಇಂಗ್ಲಿಷ್ ಕಲಿಸಿದ್ದು ಯಾದಗಿರಿಯಲ್ಲಿ. ರಿಟೈರಾಗಿ ಕೆಲವು ವರ್ಷ ಕಳೆದ ಮೇಲೆ ಶಹಾಪುರದ ಒಂದು ಖಾಸಗಿ ಶಾಲೆಯವರು ಮನೆಗೇ ಬಂದು, ಒಂದು ವರ್ಷದ ಮಟ್ಟಿಗೆ ತಮ್ಮ ಟೀಚರುಗಳಿಗೆ ಸ್ಪೋಕನ್ ಇಂಗ್ಲಿಷ್ ಕಲಿಸಿಕೊಡಬೇಕೆಂದು ಕೇಳಿಕೊಂಡರು. ನನಗೆ ಹಿಂದೆ ಮುಂದೆ ಯಾರೂ ಇಲ್ಲ. ಮದುವೆಯಾಗಲಿಲ್ಲ. ಆಗಬೇಕಿತ್ತು ಎಂದು ಬೈಯುವವರೂ ಈಗ ಒಬ್ಬೊಬ್ಬರಾಗಿ ತೀರಿಹೋಗಿದ್ದಾರೆ. ಒಪ್ಪಿಕೊಂಡು ಹೊರಟೆ. ಎರಡು ಟ್ರಂಕು, ಒಂದು ಕೊಡೆ, ಅಪ್ಪನ ಕಾಲದ ಒಂದು ಪುಟ್ಟ ರಿಕಾರ್ಡ್ ಪ್ಲೇಯರು. ಕೋಟೆಗುಡ್ಡದ ಕೆಳಗಿನ ಓಣಿಯಲ್ಲಿ ಮಹಡಿಯ ಮೇಲೊಂದು ಕೋಣೆ ಸಿಕ್ಕಿತು. ಕಿಟಕಿ ತೆರೆದರೆ ಗುಡ್ಡದ ಬಂಡೆಗಳು. ಮಳೆ ಬಿದ್ದಾಗ ಅವು ಎಮ್ಮೆಯ ಬೆನ್ನಿನ ಹಾಗೆ ಹೊಳೆಯುತ್ತಿದ್ದವು.

ಆ ವರ್ಷ ಮಳೆ ಹೊತ್ತಿಗೆ ಸರಿಯಾಗಿ ಬಂತು, ಬಂದದ್ದು ಹೋಗಲಿಲ್ಲ. ಕರಿಮಣ್ಣು ಚಪ್ಪಲಿಗೆ ಅಂಟಿ ನಾನು ದಿನವೂ ಒಂದಿಷ್ಟು ಎತ್ತರವಾಗಿ ಮನೆಗೆ ಬರುತ್ತಿದ್ದೆ. ಸಂಜೆ ಶಾಲೆ ಬಿಟ್ಟ ಮೇಲೆ ಮಾತಾಡಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಲೋನ್ಲಿನೆಸ್ ಅನ್ನುವುದು ನನಗೆ ಹೊಸದಲ್ಲ. ಆದರೆ ಸ್ವಂತ ಊರಿನಲ್ಲಿ ಅದು ಹಳೆಯ ಚಪ್ಪಲಿಯ ಹಾಗೆ ಕಾಲಿಗೆ ಹೊಂದಿಕೊಂಡಿರುತ್ತದೆ. ಪರಸ್ಥಳದಲ್ಲಿ ಕಚ್ಚುತ್ತದೆ.

ಹಾಗೊಂದು ಸಂಜೆ ಮಳೆಗೆ ಸಿಕ್ಕಿ ಒಂದು ಅಂಗಡಿಯ ತಗಡಿನ ಕೆಳಗೆ ನಿಂತೆ. ಬೋರ್ಡಿಗೆ ತುಕ್ಕು ಹಿಡಿದು ಒಂದಕ್ಷರವೂ ಓದುವ ಹಾಗಿರಲಿಲ್ಲ. ಒಳಗಿನಿಂದ ಕವ್ವಾಲಿ ಕೇಳಿಬರುತ್ತಿತ್ತು. ಫೋನಿನಿಂದ ಬರುವ ಹಾಗೆ ತೆಳುವಾಗಿ ಅಲ್ಲ, ಮೈ ಇದ್ದ ಧ್ವನಿ.

“ಹೊರಗ ಯಾಕ ನಿಂತೀರಿ ಅಕ್ಕೋರ, ಒಳಗ ಬರ್ರಿ” ಎಂದು ಯಾರೋ ಕರೆದರು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುವುದು ರೂಢಿ.

“ನಾನು ಟೀಚರ್ ಅಂತ ಹೇಗೆ ಗೊತ್ತಾಯಿತು?”

“ಕೊಡಿ ಹಿಡಿದಿದ್ದು ನೋಡ್ರಿ. ಬೆತ್ತ ಹಿಡಿದಂಗ ಹಿಡಿದೀರಿ.”

ಅವರೇ ಸೂಗಪ್ಪನವರು. ಎಪ್ಪತ್ತರ ಆಸುಪಾಸು, ಬಿಳಿ ಧೋತರ, ಅರ್ಧ ತೋಳಿನ ಅಂಗಿ, ಹಣೆಯಲ್ಲಿ ವಿಭೂತಿ. ಮುಂದೆ ಒಂದು ಬೋಗುಣಿಯಲ್ಲಿ ಅಂಟವಾಳದ ನೊರೆ. ಅದರಲ್ಲಿ ಒಂದು ಹಳೆಯ ಪ್ಲೇಟನ್ನು ಅದ್ದಿ, ಮೆತ್ತನೆಯ ಬಟ್ಟೆಯಿಂದ ಕೂಸಿನ ಬೆನ್ನು ತೊಳೆಯುವ ಹಾಗೆ ಸುತ್ತಲೂ ಸವರುತ್ತಿದ್ದರು. ತೊಳೆದವನ್ನೆಲ್ಲ ಅಡುಗೆಮನೆಯ ತಾಟಿನ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ಗೋಡೆಯ ತುಂಬ ಮಾಡಿನವರೆಗೆ ರಿಕಾರ್ಡುಗಳು. ಸುರಪುರದ, ಹುಣಸಗಿಯ ಹಳೆಯ ಮನೆಗಳಿಂದ ತಂದವು, ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಿಂದ ರೈಲಿನಲ್ಲಿ ಬಂದವು.

“ನಾನು ಏನೂ ಕೊಳ್ಳೋದಕ್ಕೆ ಬಂದಿಲ್ಲ” ಎಂದೆ.

“ಕೊಳ್ಳಾಕ ಬಂದವ್ರು ಇಲ್ಲಿ ಯಾರದಾರ್ರಿ?” ಅವರು ಬೆಂಚಿನ ಕಡೆ ಗದ್ದ ಎತ್ತಿದರು. “ಈ ಖಾಜಾಭಾಯಿ ನೋಡ್ರಿ. ಬಸ್ ಓಡ್ಸೋದು ಬಿಟ್ಟ ಮ್ಯಾಲೆ ನನ್ನ ಬೆಂಚ ಸವಸ್ಯಾನ, ಒಂದ ಪ್ಲೇಟ ಒಯ್ದಿಲ್ಲ.”

ಬೆಂಚಿನ ಮೇಲಿದ್ದ, ಗೋರಂಟಿ ಹಚ್ಚಿದ ಗಡ್ಡದ ಮನುಷ್ಯ ನಕ್ಕರು. “ಒಯ್ದ್ರ ಮನ್ಯಾಗ ಯಾರ್ ಕೇಳ್ತಾರ ಸೂಗಣ್ಣ? ಹೆಂಡ್ತಿ ನನ್ನ ಮಾತೇ ಕೇಳಂಗಿಲ್ಲ. ಇಲ್ಲ್ಯಾದ್ರ ನೀನರ ಕೇಳ್ತಿ.”

ಆ ಅಂಗಡಿಯಲ್ಲಿ ಗಿರಾಕಿಯಾಗುವುದು ಸುಲಭವಿರಲಿಲ್ಲ. ಸೂಗಪ್ಪನವರ ಮುಂದೆ ಒಂದು ಕುರ್ಚಿ ಇತ್ತು. ಪ್ಲೇಟು ಬೇಕೆಂದವರು ಅದರಲ್ಲಿ ಕೂರಬೇಕು, ಎರಡೂ ಬಾಜು ಪೂರ್ತಿ ಕೇಳಬೇಕು, ನಡುವೆ ಮಾತಾಡಬಾರದು, ಮುಳ್ಳು ಎತ್ತಬಾರದು. ಅಷ್ಟು ಹೊತ್ತೂ ಅವರು ಗಿರಾಕಿಯ ಮುಖ ನೋಡುತ್ತ ಕೂರುವರು. ಹಾಡು ಮನಸ್ಸಿಗೆ ತಟ್ಟಿತೋ ಇಲ್ಲವೋ ಎಂದು ಅದರಿಂದಲೇ ಅವರಿಗೆ ತಿಳಿಯುತ್ತಿತ್ತು. “ನಾ ಕೇಳದ ಪ್ಲೇಟ ಮಾರಂಗಿಲ್ಲ” ಎನ್ನುವುದು ಅವರ ಮಾತು. ಗೀರಿದ್ದ ಪ್ಲೇಟನ್ನು ಯಾರು ಎಷ್ಟು ಬೇಡಿದರೂ ಕೊಡುತ್ತಿರಲಿಲ್ಲ. ಒಮ್ಮೆ ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದ ಗಂಡಹೆಂಡಿರು ಒಂದು ರಾಶಿ ಆರಿಸಿಕೊಂಡು, ಕೇಳುವುದೇನೂ ಬೇಡ, ಕಟ್ಟಿಕೊಡಿ ಎಂದರು.

“ಕೇಳತೀರೋ, ಗ್ವಾಡಿಗೆ ಹೊಡೀತೀರೋ?” ಎಂದರು ಸೂಗಪ್ಪನವರು.

“ವಾಲ್ ಡೆಕೋರ್‌ಗೆ ಅಂಕಲ್” ಎಂದಳು ಹೆಂಡತಿ. ಪಾಪ, ನಿಜ ಹೇಳಿದಳು.

“ಗ್ವಾಡಿಗೆ ಮಳಿ ಹೊಡದು ಭಾಳ ಬಳಲಿರ್ತಾವಮ್ಮ, ಅವಕ್ಕ ಇನ್ನೂ ಭಾರ ಹಾಕಬ್ಯಾಡ್ರಿ” ಎಂದು ರಾಶಿಯನ್ನು ತಿರುಗಿ ತಮ್ಮ ಕಡೆ ಎಳೆದುಕೊಂಡರು.

ಖಾಜಾಸಾಬರು ದಿನವೂ ಬರುವವರು. ಸಂತೆಯ ದಿನ ಮಾತ್ರ ಬರುತ್ತಿದ್ದವಳು ಚಂದಮ್ಮ, ಸಗರದಿಂದ ಸೊಪ್ಪು, ಮೆಣಸಿನಕಾಯಿ ಮಾರಲು ಬರುವವಳು. ಬುಟ್ಟಿ ಖಾಲಿಯಾದ ಮೇಲೆ ಬಸ್ಸಿನ ಹೊತ್ತಿನವರೆಗೆ ಬೆಂಚಿನ ತುದಿಯಲ್ಲಿ ಕೂತು ಒಂದು ತತ್ವಪದದ ಪ್ಲೇಟು ಹಚ್ಚಿಸಿ ಕೇಳುತ್ತಿದ್ದಳು. ಮನೆಯಲ್ಲಿ ಪ್ಲೇಯರು ಇಲ್ಲದವಳು. ಅವಳು ಯಾವಾಗಲೂ ಗಿರಾಕಿಯೇ, ಯಾವಾಗಲೂ ಏನೂ ಒಯ್ಯದವಳು. ಮೂರನೆಯವಳು ನಾನಾದೆ.

ಒಂದು ಸಂತೆಯ ದಿನ ಪಿಯಾನೋದ ಪ್ಲೇಟು ಸಿಕ್ಕಿತು. ನಮ್ಮ ಕಾನ್ವೆಂಟಿನ ಚಾಪೆಲ್ಲಿನಲ್ಲಿ ಕೇಳುತ್ತಿದ್ದಂಥ ನಿಧಾನದ ರಾಗಗಳು. ಕುರ್ಚಿಯಲ್ಲಿ ಕೂತು ಕೇಳುತ್ತ ನನಗೆ ನಗು ಬಂತು. ಪ್ಲೇಟು ಮುಗಿದ ಮೇಲೆ ಯಾಕೆಂದು ಸೂಗಪ್ಪನವರು ಕೇಳಿದರು. ಹೇಳಿದೆ: ನಮ್ಮ ಕ್ವಾಯರಿನಲ್ಲಿ ನಾನೊಬ್ಬಳು ಅಪಸ್ವರ. ಹಾಗೆಂದು ಹೊರಗೆ ಹಾಕಿದರೆ ಸಾಲು ಕೆಡುತ್ತದೆ. ಅದಕ್ಕೆ ಸಿಸ್ಟರ್ ನನ್ನ ಕಿವಿಯಲ್ಲಿ, “ಯೂ ಜಸ್ಟ್ ಮೂವ್ ಯುವರ್ ಲಿಪ್ಸ್, ಡಿಯರ್” ಎಂದಿದ್ದರು. ಸ್ಕೂಲು ಮುಗಿಯುವವರೆಗೂ ಬಾಯಿ ಮಾತ್ರ ಆಡಿಸುತ್ತ ನಿಂತೆ. ಪೇರೆಂಟ್ಸ್ ಡೇಗೆ ಬಂದ ಅಪ್ಪ, ನನ್ನ ಮಗಳು ಎಷ್ಟು ತನ್ಮಯಳಾಗಿ ಹಾಡಿದಳು ಎಂದು ಊರೆಲ್ಲ ಹೇಳಿಕೊಂಡು ಬಂದರು.

ಚಂದಮ್ಮ ಸೆರಗು ಬಾಯಿಗಿಟ್ಟು ನಕ್ಕಳು. “ಬಾಯಿ ಮುಚ್ಚಿ ಹಾಡೋದು ನಮ್ಮನ್ಯಾಗ ಸೊಸ್ತ್ಯಾರಿಗೆ ಕಲಸ್ತಾರ್ರಿ ಅಕ್ಕೋರ. ನಿಮಗ ಫೀ ತಗೊಂಡು ಕಲಸ್ಯಾರ.”

ಸೂಗಪ್ಪನವರು ನಗಲಿಲ್ಲ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಸ್ವಲ್ಪ ತಡವಾಗಿ ನಕ್ಕರು. ಆಗ ನಾನು ಅದನ್ನು ಗಮನಿಸಿದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ.

ಅರ್ಥವಾದದ್ದು ಆಷಾಢದಲ್ಲಿ. ಸಂತೆಯ ದಿನ. ಚಂದಮ್ಮನ ತತ್ವಪದ ತಿರುಗುತ್ತಿತ್ತು. ಸೂಗಪ್ಪನವರು ನಮಗೆ ಬೆನ್ನು ಮಾಡಿ ಪ್ಲೇಟು ತೊಳೆಯುತ್ತಿದ್ದರು. ಮುಳ್ಳು ಒಂದು ಗೀರಿನಲ್ಲಿ ಸಿಕ್ಕಿಕೊಂಡಿತು. ಹಾಡುವವನು ಅರ್ಧ ಮಾತಿಗೆ ಬಂದು ಮತ್ತೆ ಹಿಂದಕ್ಕೆ, ಮತ್ತೆ ಅರ್ಧಕ್ಕೆ. ಆ ಅರ್ಧ ಮಾತು ಅಂಗಡಿಯ ತುಂಬ ಬಡಿದುಕೊಳ್ಳುತ್ತಿತ್ತು. ಸೂಗಪ್ಪನವರ ಕೈ ತನ್ನ ಪಾಡಿಗೆ ನೊರೆಯಲ್ಲಿ ಸುತ್ತುತ್ತಿತ್ತು. ಖಾಜಾಸಾಬರು ಸದ್ದಿಲ್ಲದೆ ಎದ್ದು, ಕ್ಯಾಲೆಂಡರ್ ನೋಡುವವರ ಹಾಗೆ ಹೋಗಿ, ಬೆರಳ ತುದಿಯಿಂದ ಮುಳ್ಳನ್ನು ಒಂದು ಕೂದಲೆಳೆ ಮುಂದೆ ಸರಿಸಿ ಬಂದು ಕೂತರು. ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು.

ಆಮೇಲೆ ಎದುರಿನ ಚಹಾದ ಹೋಟೆಲಿನಲ್ಲಿ ಹೇಳಿದರು. “ಸೂಗಣ್ಣಗ ಕಿವಿ ಹೋಗ್ಯಾವ್ರಿ ಅಕ್ಕೋರ. ಮಾರಿ ಮುಂದ ನಿಂತು ಮಾತಾಡಿದ್ರ ಬಾಯಿ ನೋಡಿ ತಿಳ್ಕೋತಾನ. ಹಾಡು ತಿಳಿಯಂಗಿಲ್ಲ.”

“ಅವರಿಗೆ ಹೇಳಬಾರದೇ? ಡಾಕ್ಟರ್, ಕಿವಿಯ ಮಷೀನ್…”

“ಮಷೀನ್ ಮನ್ಯಾಗ ಅದ. ಅದು ಹಾಕ್ಕೊಂಡ್ರ ಹಾಡು ಡಬ್ಬಿ ಬಿದ್ದಂಗ ಕೇಳಸ್ತದಂತ, ತಗದಿಟ್ಟಾನ. ನಮಗ ಗೊತ್ತದ ಅಂತ ಅಂವಗ ಗೊತ್ತಾದ್ರ ನಾಳೆ ಶೆಟರ್ ಎಳೀತಾನ್ರಿ. ಕೇಳದ ಪ್ಲೇಟ ಮಾರಂಗಿಲ್ಲ ಅಂದವ ಅಂವ.”

“ಶೆಟರ್ ಎಳದ್ರ ಮನುಷ್ಯಾನೇ ಉಳಿಯಂಗಿಲ್ಲ” ಎಂದಳು ಚಂದಮ್ಮ. “ಹೆಂಡ್ತಿ ಸತ್ತಾಗ ಮೂರನೇ ದಿನಕ್ಕ ಬಂದು ಅಂಗಡಿ ತಗದಿದ್ದ. ಇಲ್ಲಿ ಬಿಟ್ರ ಅಂವಗ ಎಲ್ಲೈತಿ ಜಾಗ?”

“ಅಂವಗಷ್ಟೇ ಏನು, ನಮಗೆಲ್ಲೈತಿ ಹೇಳು” ಎಂದರು ಖಾಜಾಸಾಬರು ಬಸಿಯಲ್ಲಿ ಚಹಾ ಊದುತ್ತ.

ಆ ಮಾತಿಗೆ ನನ್ನ ಮಹಡಿಯ ಕೋಣೆ, ಅದರ ಕಿಟಕಿ, ಒದ್ದೆ ಬಂಡೆಗಳು ನನ್ನ ಕಣ್ಣ ಮುಂದೆ ಬಂದವು.

ಹೀಗೆ ಆ ಬೆಂಚಿನ ಮೇಲೆ ನಮ್ಮ ಪಿತೂರಿ ಶುರುವಾಯಿತು. ಹೊಸದಾಗಿ ತೊಳೆದ ಪ್ಲೇಟನ್ನು ಸೂಗಪ್ಪನವರು ಹಚ್ಚಿ ನಮ್ಮನ್ನು ನೋಡುವರು. ಚೆನ್ನಾಗಿದ್ದರೆ ತಲೆದೂಗುವುದು. ಗೀರಿದ್ದರೆ ಗೀರಿದೆ ಎನ್ನಬಾರದು, ಅದು ಅವರಿಗೇ ಕೇಳಿಸಬೇಕಾಗಿತ್ತಲ್ಲ. “ಯಾಕೋ ಸೇರಲಿಲ್ಲ ಸೂಗಣ್ಣ, ಬ್ಯಾರೆ ಹಚ್ಚು” ಎನ್ನಬೇಕು. ಸೇರದ ಪ್ಲೇಟುಗಳು ಮೂಲೆಯಲ್ಲಿ ಬೆಳೆಯುತ್ತ ಹೋದವು. “ಈ ವರ್ಷ ನಿಮ್ಮ ರುಚಿ ಕೆಟ್ಟದ. ಮಳಿಗಾಲದಾಗ ನಾಲಿಗಿ ಕೆಡತದ, ಕಿವಿ ಕೆಡೋದು ಇದೇ ಮೊದಲು” ಎನ್ನುತ್ತಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

‘ಅ ಲೈ ಈಸ್ ಅ ಲೈ, ಗರ್ಲ್ಸ್’ ಎಂದು ಸಿಸ್ಟರ್ ಹೇಳುತ್ತಿದ್ದರು. ಆದರೆ ಸಿಸ್ಟರ್‌ಗೆ ಬಾಯಿ ಆಡಿಸುವುದೂ ಗೊತ್ತಿತ್ತು. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಶಾಲೆಯಲ್ಲಿ ಟೆನ್ಸ್ ಹೇಳಿಕೊಡುತ್ತ ಸಂಜೆಯನ್ನು ಕಾಯುತ್ತಿದ್ದೆ. ಒಬ್ಬ ಮನುಷ್ಯನನ್ನು ನಾವು ಮೂವರು ಕೂಡಿ ಕೈಮೇಲೆ ಹೊತ್ತುಕೊಂಡಿದ್ದೇವೆ ಎಂಬ ಭಾವನೆ. ನನ್ನನ್ನು ಅದುವರೆಗೆ ಯಾರೂ ಯಾವ ಪಿತೂರಿಗೂ ಸೇರಿಸಿಕೊಂಡಿರಲಿಲ್ಲ.

ಶ್ರಾವಣದ ಒಂದು ಸಂತೆಯ ದಿನ ವಡಗೇರಾದಿಂದ ಒಬ್ಬ ಬಂದ. ನಲವತ್ತರ ಮನುಷ್ಯ, ಮೊಣಕಾಲವರೆಗೆ ಕೆಸರು. ಅವನ ತಂದೆ ಹರೆಯದಲ್ಲಿ ನಾಟಕದ ಕಂಪನಿಯಲ್ಲಿ ಹಾಡುತ್ತಿದ್ದವನು, ಈಗ ಹಾಸಿಗೆ ಹಿಡಿದಿದ್ದ. ತಾನು ಹಾಡುತ್ತಿದ್ದ ಒಂದು ನಾಟಕದ ಪದವನ್ನು ಬೇರೆ ಯಾರೋ ಹಾಡಿದ ಪ್ಲೇಟು ಇತ್ತು, ಅದನ್ನು ಒಮ್ಮೆ ಕೇಳಬೇಕು ಎಂದು ಹಟ ಹಿಡಿದಿದ್ದನಂತೆ. “ಫೋನಿನ್ಯಾಗ ಹುಡಿಕಿ ಹುಡಿಕಿ ಸಾಕಾತ್ರಿ. ಸಿಗವಲ್ದು. ನೆರಿಯವ್ರ ಮನ್ಯಾಗ ಹಳೇ ಪ್ಲೇಟಿನ ಮಷೀನ್ ಇತ್ತು, ತಂದಿಟ್ಟೀನಿ” ಎಂದ.

ಸೂಗಪ್ಪನವರು ಏಣಿ ಹತ್ತಿ ಮೇಲಿನ ಸಾಲಿನಿಂದ ಅದನ್ನು ತೆಗೆದರು. ತೊಳೆದರು, ಒರೆಸಿದರು, ಅವನನ್ನು ಕುರ್ಚಿಯಲ್ಲಿ ಕೂರಿಸಿ ಹಚ್ಚಿದರು. ಅವನು ಬಾಗಿಲ ಕಡೆ, ಮಳೆಯ ಕಡೆ, ಬಸ್ಸಿನ ದಾರಿಯ ಕಡೆ ನೋಡುತ್ತ ಕೂತಿದ್ದ. ಮೊದಲ ಬಾಜು ಹಾಲಿನ ಹಾಗೆ ಹೋಯಿತು. ಎರಡನೆಯದರ ಕೊನೆಕೊನೆಗೆ ಮುಳ್ಳು ಒಂದು ಕಡೆ ಎಡವಿತು, ಒಂದೆರಡು ಸಲ ಹಿಂದೆ ಮುಂದೆ ತೂಗಾಡಿ, ತಾನಾಗಿ ದಾಟಿ ಹೋಯಿತು. ಗಿರಾಕಿಗೆ ಅದರ ಪರಿವೆಯೇ ಇರಲಿಲ್ಲ. ಸೂಗಪ್ಪನವರು ನಮ್ಮ ಕಡೆ ತಿರುಗಿದರು.

ಸೇರಲಿಲ್ಲ ಎನ್ನುವುದು ಹೇಗೆ? ಆ ಮನುಷ್ಯ ಅಲ್ಲಿ ಕೂತಿದ್ದ, ಅವನಿಗೆ ಬೇಕಾದದ್ದು ಅದೊಂದೇ. ಚಂದಮ್ಮ ಖಾಜಾಸಾಬರನ್ನು ನೋಡಿದಳು.

“ಛಲೋ ಅದ, ಸಾಫ್ ಅದ. ಕೊಟ್ಟು ಕಳಸು, ಅಂವನ ಬಸ್ ಹೋಗ್ತದ” ಎಂದರು ಖಾಜಾಸಾಬರು. ನಾನು ತಲೆದೂಗಿದೆ.

ಕೆಲವು ದಿನಗಳ ಮೇಲೆ ಅವನು ತಿರುಗಿ ಬಂದ. ತಲೆ ಬೋಳಿಸಿಕೊಂಡಿದ್ದ. ಪ್ಲೇಟನ್ನು ತಂದು ಟೇಬಲ್ಲಿನ ಮೇಲಿಟ್ಟ. ಸಿಟ್ಟಿರಲಿಲ್ಲ, ಅದೇ ಕೇಡು.

“ಮನ್ಯಾಗ ಇಟ್ಕೊಳ್ಳಾಕ ಮನಸಾಗವಲ್ದ್ರಿ” ಎಂದ, ಸೂಗಪ್ಪನವರ ಮುಖದ ಹತ್ತಿರ ಬಾಗಿ, ಗಟ್ಟಿಯಾಗಿ. “ಎರಡನೇ ಬಾಜು ಒಂದ ಮಾತಿಗೆ ಬಂದು ನಿಂತಬಿಡ್ತದ. ಅಪ್ಪ, ಮುಂದ ಹೋಗವಲ್ದು, ಮುಂದ ಹೋಗವಲ್ದು ಅಂತ ಹಾಸಿಗಿ ಬಡಿದ. ಬ್ಯಾನಿ ಇದ್ದಂವಗ ಮುಂದಿಂದು ನೆನಪಿಗೆ ಬರವಲ್ದು. ನಾ ಮುಳ್ಳು ಎತ್ತಿ ಇಟ್ಟೆ, ಮತ್ತ ಅಲ್ಲೇ. ಪೂರಾ ಕೇಳಲಾರದೇ ಹ್ವಾದ.”

ಅವನು ಹೋದ ಮೇಲೆ ಸೂಗಪ್ಪನವರು ಆ ಪ್ಲೇಟನ್ನು ಬೆಳಕಿಗೆ ಹಿಡಿದು ಓರೆ ಮಾಡಿ ನೋಡುತ್ತಿದ್ದರು.

“ಅವತ್ತ ನೀವು ಕೇಳಿದ್ರಲ್ಲ?” ಎಂದರು.

“ಅವರ ಮಷೀನಿನ ಮುಳ್ಳು ಖರಾಬ್ ಇರಬೇಕು ಸೂಗಣ್ಣ” ಎಂದರು ಖಾಜಾಸಾಬರು.

ಸೂಗಪ್ಪನವರು ಅವರನ್ನು ಬಿಟ್ಟು ನನ್ನ ಕಡೆ ನೋಡಿದರು. “ಅಕ್ಕೋರ?”

“ಹೌದು. ಇಲ್ಲಿ ಸರಿಯಾಗಿಯೇ ಇತ್ತು” ಎಂದೆ, ತುಟಿಗಳನ್ನು ಸ್ಪಷ್ಟವಾಗಿ ಆಡಿಸಿ.

ಆಮೇಲೆ ಅಂಗಡಿ ಹಾಗೇ ನಡೆಯಿತು. ಪ್ಲೇಟು ತೊಳೆಯುವುದು, ಚಹಾ, ಖಾಜಾಸಾಬರ ಬಸ್ಸಿನ ಕಥೆಗಳು. ಆದರೆ ಸೂಗಪ್ಪನವರು ಯಾರಿಗೂ ಒಂದು ಪ್ಲೇಟನ್ನೂ ಮಾರಲಿಲ್ಲ. ಬಂದವರಿಗೆ ಇವತ್ತು ಕರೆಂಟ್ ಇಲ್ಲ ಎನ್ನುವರು, ತೊಳೆದಿಲ್ಲ ಎನ್ನುವರು. ಭಾದ್ರಪದದಲ್ಲಿ ತೊಗರಿಯ ಹೊಲಗಳಲ್ಲಿ ನೀರು ನಿಂತು ಊರಿನವರ ಬಾಯಲ್ಲಿ ಅದೇ ಮಾತು. ಹಾಡಿಗೆ ಬರುವವರೂ ಕಡಿಮೆಯಾದರು.

ಅಂಥ ಒಂದು ಸಂತೆಯ ದಿನ ನಾವು ಮೂವರೂ ಇದ್ದೆವು. ಬೇರೆ ಗಿರಾಕಿಗಳಿಲ್ಲ. ಸೂಗಪ್ಪನವರು ಬೆಳಗ್ಗೆಯೇ ಒಂದು ಪ್ಲೇಟು ತೊಳೆದು ಒಣಗಿಸಿಟ್ಟಿದ್ದರು. “ಇದು ಭಾಳ ದಿನದಿಂದ ಹುಡುಕಿದ್ದು. ಸುರಪುರದಾಗ ಒಬ್ಬರ ಅಟ್ಟದ ಮ್ಯಾಲೆ ಸಿಕ್ತು. ಚಂದವ್ವ, ನಿನ್ನ ತತ್ವಪದ ಹಾಡ್ಯಾನಲ್ಲ, ಅಂವಂದೇ. ಕೇಳಿ ಹೇಳ್ರಿ ಹ್ಯಾಂಗದ” ಎಂದು ಹಚ್ಚಿ, ತಾವು ಗಿರಾಕಿಯ ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿ ಕೂತರು.

ಪ್ಲೇಟು ತಿರುಗಿತು. ಮುಳ್ಳು ಇಳಿಯಿತು. ಸದ್ದು ಬರಲಿಲ್ಲ.

ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಇನ್ನೇನು ಶುರುವಾಗುತ್ತದೆ ಎಂದು ಕಾದೆವು. ಪ್ಲೇಟು ತಿರುಗುತ್ತಲೇ ಇತ್ತು. ಎಲ್ಲೋ ವೈರು ಸಡಿಲಾಗಿದೆ, ಯಾವುದೋ ಭಾಗ ಕೆಟ್ಟಿದೆ ಎಂದುಕೊಂಡೆ. ಉಳಿದಿಬ್ಬರೂ ಅದನ್ನೇ ಅಂದುಕೊಂಡರೆಂದು ಆಮೇಲೆ ಗೊತ್ತಾಯಿತು. ಹೇಳಿದರೆ ಏನಾಗುತ್ತದೆ? ತನ್ನ ಅಂಗಡಿಯಲ್ಲಿ, ತನ್ನ ಮುಂದೆ ಪ್ಲೇಟು ಮೂಕವಾಗಿ ತಿರುಗುತ್ತಿದೆ, ತನಗದು ತಿಳಿಯಲಿಲ್ಲ ಎಂದು ಮೂರು ಜನರ ಎದುರು ಅವರಿಗೆ ಗೊತ್ತಾಗುತ್ತದೆ. ಅವರು ನಮ್ಮನ್ನೇ ನೋಡುತ್ತಿದ್ದರು. ಮೊದಲು ಖಾಜಾಸಾಬರ ಬೆರಳು ಮೊಣಕಾಲ ಮೇಲೆ ತಾಳ ಹಾಕತೊಡಗಿತು. ಚಂದಮ್ಮ ಕಣ್ಣು ಮುಚ್ಚಿ ತಲೆ ತೂಗಿದಳು. ನನಗಂತೂ ಬಾಲ್ಯದಿಂದ ಅಭ್ಯಾಸ. ತನ್ಮಯಳಾದೆ.

ಪ್ಲೇಟಿನ ಒಂದು ಬಾಜು ಎಷ್ಟು ಉದ್ದವಿರುತ್ತದೆ ಎಂದು ನನಗೆ ತಿಳಿದದ್ದು ಅವತ್ತು. ನಡುವೆ ಒಮ್ಮೆ ಮಳೆ ಒಂದು ಗಳಿಗೆ ನಿಂತಿತು. ಆಗ ಪ್ಲೇಟಿಗೆ ಎಲ್ಲರಿಗಿಂತ ಹತ್ತಿರವಿದ್ದ ನನಗೆ ಒಂದು ಸಣ್ಣ ಸದ್ದು ಕೇಳಿಸಿತು. ಮುಳ್ಳಿನ ತುದಿಯಿಂದ, ಸೊಳ್ಳೆಯ ರೆಕ್ಕೆಯಷ್ಟು ಸಣ್ಣಗೆ, ಹಾಡು. ಸ್ಪೀಕರಿನ ಪೆಟ್ಟಿಗೆಗೆ ಹೋಗಲಾರದೆ ಮುಳ್ಳಿನಲ್ಲೇ ಉಳಿದ ಹಾಡು. ಒಬ್ಬ ಮನುಷ್ಯ ಬಹಳ ದೂರದಲ್ಲಿ, ಹೊಲದ ಆಚೆ ತುದಿಯಲ್ಲಿ ನಿಂತು ಕೂಗುತ್ತಿರುವ ಹಾಗೆ. ಮತ್ತೆ ಮಳೆ ಸುರಿಯಿತು.

ಮುಳ್ಳು ನಡುವಿಗೆ ಬಂದು ನಿಂತಿತು. ಸೂಗಪ್ಪನವರು ಎದ್ದು ಅದನ್ನೆತ್ತಿ ಬದಿಗಿಟ್ಟರು.

“ಹ್ಯಾಂಗಿತ್ತು ಖಾಜಾಭಾಯಿ?”

“ವ್ಹಾ! ಏನ ದನಿ ಸೂಗಣ್ಣ!”

“ಚಂದವ್ವ?”

“ಎದಿ ತುಂಬಿ ಬಂತ್ರಿ ಅಣ್ಣಾರ.”

ನನ್ನನ್ನು ಕೇಳಲಿಲ್ಲ. ನೋಡಿದರು. ನಾನು ತಲೆದೂಗಿದೆ.

ಅವರು ಸ್ಪೀಕರಿನ ಪೆಟ್ಟಿಗೆಯ ಹಿಂದೆ ಕೈ ಹಾಕಿ ಒಂದು ವೈರನ್ನು ಹೊರಗೆಳೆದರು. ಅದರ ತುದಿ ಎಲ್ಲಿಗೂ ಸೇರಿರಲಿಲ್ಲ. ಅದನ್ನು ತಂದು ನಮ್ಮ ಮುಂದಿನ ಟೇಬಲ್ಲಿನ ಮೇಲಿಟ್ಟರು. ಕೆಂಪು ವೈರು, ತುದಿಯಲ್ಲಿ ತಾಮ್ರದ ಎಳೆಗಳನ್ನು ನೀಟಾಗಿ ಹೊಸೆದಿದ್ದರು.

ಖಾಜಾಸಾಬರ ಬೆರಳು ಇನ್ನೂ ಮೊಣಕಾಲ ಮೇಲೇ ಇತ್ತು.

“ನನ್ನ ಕಿವಿ ಹೋಗಿದ್ದು ನನಗ ಗೊತ್ತಿರಂಗಿಲ್ಲೇನ್ರಿ?” ಎಂದರು ಸೂಗಪ್ಪನವರು. ದನಿ ಏರಲಿಲ್ಲ. “ನಿಮಗ ಗೊತ್ತದ ಅಂತನೂ ಗೊತ್ತಿತ್ತು. ಮುಳ್ಳು ಸಿಕ್ಕೊಂಡಾಗ ಖಾಜಾಭಾಯಿ ಕ್ಯಾಲೆಂಡರ ನೋಡಾಕ ಏಳ್ತಾನ. ಅಂವಗ ಚಸ್ಮಾ ಇಲ್ದ ಓದಾಕ ಬರಂಗಿಲ್ಲ.”

ಯಾರೂ ನಗಲಿಲ್ಲ.

“ನನಗ ಕೇಳಸಂಗಿಲ್ಲ, ಇವ್ರಿಗೆ ಕೇಳಸ್ತದ, ಇವ್ರ ಮಾರಿ ನೋಡಿದ್ರ ನಾ ಕೇಳಿದಂಗೇ ಅಂತ ತಿಳ್ಕೊಂಡಿದ್ದೆ. ಹಂಗಂತ ಮಾರಿದೆ. ನಿಮ್ಮ ಮಾರಿ ಮ್ಯಾಲೆ ಭರೋಸಾ ಇಟ್ಟು ಆ ವಡಗೇರಾದ ಹುಡುಗಗ ಕೊಟ್ಟೆ. ಕಿವಿ ದೇವರು ಒಯ್ದ. ಮಾರಿ ಉಳದಿದ್ವು. ಅವನ್ನೂ ನೀವು ಒಯ್ದ್ರಿ.”

“ನಿನ್ನ ಸಲುವಾಗಿ ಸೂಗಣ್ಣ, ಖುದಾನ ಆಣಿ, ನಿನ್ನ ಸಲುವಾಗೇ…” ಖಾಜಾಸಾಬರು ಎದ್ದು ನಿಂತರು.

ಸೂಗಪ್ಪನವರು ಅವರ ಬಾಯಿಯ ಕಡೆ ನೋಡಲಿಲ್ಲ. ಹಾಗಾಗಿ ಆ ಮಾತು ಅವರಿಗೆ ತಲುಪಲಿಲ್ಲ. ಬೋಗುಣಿ ಎತ್ತಿ ಅಂಟವಾಳದ ನೀರನ್ನು ಬಾಗಿಲಾಚೆ ಮಳೆಗೆ ಚೆಲ್ಲಿದರು. ನೊರೆ ಗಟಾರದ ನೀರಿನಲ್ಲಿ ಬೆಳ್ಳಗೆ ತೇಲಿಕೊಂಡು ಹೋಯಿತು.

ನಾನು ಹೇಳಬೇಕೆಂದಿದ್ದೆ: ನನಗೆ ಕೇಳಿಸಿತು, ಒಂದು ಗಳಿಗೆ ನಿಜವಾಗಿ ಕೇಳಿಸಿತು, ಚೆನ್ನಾಗಿತ್ತು. ಆದರೆ ಆ ಅಂಗಡಿಯಲ್ಲಿ ಇನ್ನು ಮೇಲೆ ಅದನ್ನು ಹೇಳುವ ಮುಖ ನನಗಿರಲಿಲ್ಲ.

ಮರುದಿನ ಶೆಟರ್ ಇಳಿದಿತ್ತು. ಅದರ ಮರುದಿನವೂ. ಮಳೆಗಾಲ ಮುಗಿದು ಹತ್ತಿ ಒಡೆಯಿತು, ತೊಗರಿ ಹೂವಾಯಿತು, ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡ ಒಣಗಿ ಅದರ ಮೂಗು ಗದ್ದ ಆಕಾಶದಲ್ಲಿ ಸ್ಪಷ್ಟವಾದವು. ಸಂತೆಯ ದಿನ ಚಹಾದ ಹೋಟೆಲಿನಲ್ಲಿ ನಾವು ಮೂವರೂ ಕೆಲವು ವಾರ ಸೇರಿದೆವು. ಮಿರ್ಚಿ ತರಿಸುವುದು, ಮಳೆ ಬೆಳೆ ಕೇಳುವುದು. ಹಾಡಿಲ್ಲದಿದ್ದರೆ ನಮ್ಮ ನಡುವೆ ಮಾತೂ ಇರಲಿಲ್ಲ ಎಂದು ಆಗ ತಿಳಿಯಿತು. ಒಬ್ಬರ ಮುಖವನ್ನು ಒಬ್ಬರು ನೋಡುವುದಕ್ಕೆ ಸಂಕೋಚ. ಚಂದಮ್ಮ ಮೊದಲು ಬಿಟ್ಟಳು. ಆಮೇಲೆ ನಾನು. ಖಾಜಾಸಾಬರು ಮಾತ್ರ ಎಷ್ಟೋ ದಿನ ಆ ತಗಡಿನ ಕೆಳಗೆ, ಇಳಿದ ಶೆಟರಿಗೆ ಬೆನ್ನು ಹಚ್ಚಿ ಕೂತಿರುತ್ತಿದ್ದರು.

ಪರೀಕ್ಷೆಗಳು ಮುಗಿದು ನಾನು ಯಾದಗಿರಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಸೂಗಪ್ಪನವರು ಸಿಕ್ಕರು. ಸೊರಗಿದ್ದರು. ಅದೇ ಬಿಳಿ ಧೋತರ, ಕೈಯಲ್ಲಿ ಒಂದು ಚೀಲ. ನನ್ನ ಟ್ರಂಕುಗಳನ್ನು ನೋಡಿ, “ಹೊಂಟ್ರೇನ್ರಿ ಅಕ್ಕೋರ? ಛಲೋ ಆತು, ನಮ್ಮೂರ ಮಳಿ ನಿಮಗ ಸೇರಲಿಲ್ಲ” ಎಂದು ನಕ್ಕರು. ಸುರಪುರದಲ್ಲಿ ತಂಗಿಯ ಮನೆಗೆ ಹೋಗುತ್ತಿದ್ದೇನೆ ಎಂದರು. ನಾನು ಏನೇನೋ ಹೇಳಿದೆ. ಬಾಯಿಯನ್ನು ದೊಡ್ಡದಾಗಿ, ನಿಧಾನವಾಗಿ ಆಡಿಸಿ, ಕ್ಲಾಸಿನಲ್ಲಿ ಪ್ರೊನನ್ಸಿಯೇಷನ್ ತೋರಿಸುವ ಹಾಗೆ. ಅವರು ಸೌಜನ್ಯದಿಂದ ಕೇಳುವವರ ಹಾಗೆ ನಿಂತಿದ್ದರು. ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಟ್ರಂಕಿನ ಬೀಗದ ಮೇಲಿತ್ತು.

ಅಷ್ಟರಲ್ಲಿ ಮೈಕಿನಲ್ಲಿ ಸುರಪುರದ ಬಸ್ಸಿನ ಹೆಸರು ಕೂಗಿದರು. ಜನ ಎದ್ದರು. ಅವರು ಜನರ ಗಡಿಬಿಡಿ ಕಂಡು ತಲೆಯೆತ್ತಿ, “ಸುರಪುರದ್ದು ಬಂತೇನ್ರಿ?” ಎಂದರು.

ನಾನು ಅವರ ಮುಂದೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ತಲೆಯಾಡಿಸಿದೆ. ಹೌದು. ಬಂತು. ಅದೇ.

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಮುಗುಳ್ನಕ್ಕು, ಕೈ ಮುಗಿದರು. ಆಮೇಲೆ ನಾಲ್ಕು ಹೆಜ್ಜೆ ಆಚೆ ಹೋಗಿ, ಕಂಬಕ್ಕೆ ಒರಗಿ ಫೋನ್ ನೋಡುತ್ತಿದ್ದ, ಗುರುತು ಪರಿಚಯವಿಲ್ಲದ ಒಬ್ಬನ ಭುಜ ಮುಟ್ಟಿ, “ಸುರಪುರದ್ದು ಬಂತೇನಪ್ಪ?” ಎಂದು ಕೇಳಿದರು.

ಅವನು ಫೋನಿನಿಂದ ಕಣ್ಣೆತ್ತದೆಯೇ ತಲೆಯಾಡಿಸಿದ. ಸೂಗಪ್ಪನವರು ಹೋಗಿ ಬಸ್ಸು ಹತ್ತಿದರು.